ಡಾ. ಯಲ್ಲಾಪ್ರಗಡ ಸುಬ್ಬರಾಯರು

ಲೋಕದಲ್ಲಿ ಕೆಲವರ ಹೆಸರು ಉಳಿಯುತ್ತದೆ, ಅವರು ಮಾಡಿದ ಕೆಲಸ ಮರೆತುಹೋಗುತ್ತದೆ. ಮತ್ತೆ ಕೆಲವರ ಕೆಲಸ ಮನೆಮನೆಯನ್ನೂ ಮುಟ್ಟಿರುತ್ತದೆ, ಹೆಸರು ಮಾತ್ರ ಯಾರ ಬಾಯಲ್ಲಿಯೂ ಇರುವುದಿಲ್ಲ. ಈ ಎರಡನೆಯ ಸಾಲಿಗೆ ಸೇರಿದ ಮಹನೀಯರಲ್ಲಿ ಡಾ. ಯಲ್ಲಾಪ್ರಗಡ ಸುಬ್ಬರಾಯರು ಪ್ರಮುಖರು. ಬಸುರಿಯರಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಫೋಲಿಕ್ ಆಮ್ಲದ ಮಾತ್ರೆ, ಆನೆಕಾಲು ರೋಗಕ್ಕೆ ಕೊಡುವ ಮಾತ್ರೆ, ಮಕ್ಕಳ ರಕ್ತದ ಕ್ಯಾನ್ಸರಿಗೆ ದೊರೆತ ಮೊದಲ ಔಷಧ, ಇವೆಲ್ಲದರ ಹಿಂದೆ ಅವರ ಮತ್ತು ಅವರ ಸಂಗಡಿಗರ ಶ್ರಮವಿದೆ. ಇವೆಲ್ಲಕ್ಕಿಂತ ಮೊದಲು ಅವರು ಮಾಡಿದ ಒಂದು ಸಂಶೋಧನೆಯಿದೆ. ಇಂದು ಶ್ವಾಸಕೋಶದ ಕ್ಯಾನ್ಸರಿನ ಗುಟ್ಟನ್ನು ತಿಳಿಯಹೊರಟವರು ಅದನ್ನು ದಾಟದೆ ಮುಂದೆ ಹೋಗುವಂತಿಲ್ಲ.

ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೆ ಈ ವಿಷಯದ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಜಗಲಿಯ ಮೇಲೆ ಕುಳಿತು ಬೀಡಿ ಸೇದುತ್ತ ಕೆಮ್ಮುವ ಹಿರಿಯರನ್ನು ಕಾಣುತ್ತೇವೆ. ಕೆಮ್ಮು ಹಳೆಯದಾದರೆ ಕ್ಷಯವಿರಬಹುದೆಂದು ಭಾವಿಸುವುದು ವಾಡಿಕೆ. ಕೆಲವೊಮ್ಮೆ ಅದು ಕ್ಷಯವಲ್ಲ, ಕ್ಯಾನ್ಸರೆಂದು ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಬೀಡಿಯನ್ನು ಮುಟ್ಟದ ಹೆಂಗಸರಿಗೂ ಈ ರೋಗ ಬರುವುದುಂಟು. ಅಂಥವರು ಬೆಳ್ಳೂರಿನ ಬಳಿಯ ಆದಿಚುಂಚನಗಿರಿ ಆಸ್ಪತ್ರೆಗೋ ಮಂಡ್ಯ, ಮೈಸೂರುಗಳಿಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋದಾಗ, ಗೆಡ್ಡೆಯ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಬೇಕೆಂದು ವೈದ್ಯರು ಹೇಳುತ್ತಾರೆ. ಕ್ಯಾನ್ಸರೆಂದು ಗೊತ್ತಾದ ಮೇಲೂ ಮತ್ತೇಕೆ ಪರೀಕ್ಷೆಯೆಂದು ಮನೆಯವರು ಗಾಬರಿಯಾಗುವುದು ಸಹಜ. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ನಾವು ಸುಬ್ಬರಾಯರ ಜೀವನಕ್ಕೇ ಬಂದು ಮುಟ್ಟುತ್ತೇವೆ.

ಸುಬ್ಬರಾಯರು 1895ನೆಯ ಇಸವಿ ಜನವರಿ 12ರಂದು ಅಂದಿನ ಮದ್ರಾಸು ಪ್ರಾಂತದ ಭೀಮವರಂನಲ್ಲಿ ಜನಿಸಿದರು. ಅದು ಈಗ ಆಂಧ್ರಪ್ರದೇಶಕ್ಕೆ ಸೇರಿದೆ. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ತಂದೆಯವರು ಕಂದಾಯ ಇಲಾಖೆಯಲ್ಲಿ ಕೆಲಸದಲ್ಲಿದ್ದು, ಅನಾರೋಗ್ಯದಿಂದ ಬೇಗನೆ ನಿವೃತ್ತರಾದರು. ಮನೆಯಲ್ಲಿ ಮಕ್ಕಳು ಬಹಳ, ಆದಾಯ ಸ್ವಲ್ಪ. ಹುಡುಗನಿಗೆ ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಹದಿಮೂರರ ಹರೆಯದಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಮಾಡುವೆನೆಂದು ಮನೆ ಬಿಟ್ಟು ಹೊರಟನು. ತಾಯಿ ಬಿಡಲಿಲ್ಲ. ಹಿಡಿದು ತರಿಸಿ ಮತ್ತೆ ಶಾಲೆಗೆ ಅಟ್ಟಿದರು. ಆ ತಾಯಿಯ ಹಟವಿಲ್ಲದಿದ್ದರೆ ಈ ಚರಿತ್ರೆಯೇ ಇರುತ್ತಿರಲಿಲ್ಲ.

ಆದರೂ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ಎರಡು ಬಾರಿ ಸೋತರು. ಮೂರನೆಯ ಸಲ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಕಟ್ಟಿ ಉತ್ತೀರ್ಣರಾದರು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಒಂದು ಪರೀಕ್ಷೆಯ ಫಲಿತಾಂಶದಿಂದ ಮನುಷ್ಯನ ಬೆಲೆಯನ್ನು ಕಟ್ಟಿಬಿಡುವ ನಮ್ಮ ಊರಿನವರೂ ನೆನಪಿನಲ್ಲಿಟ್ಟರೆ ಒಳ್ಳೆಯದು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ಅವರ ಮನಸ್ಸು ವೈರಾಗ್ಯದ ಕಡೆಗೆ ತಿರುಗಿತು. ರಾಮಕೃಷ್ಣ ಮಠವನ್ನು ಸೇರಿ ಸನ್ಯಾಸಿಯಾಗಬೇಕೆಂದು ಬಯಸಿದರು. ತಾಯಿ ಒಪ್ಪಲಿಲ್ಲ. ತಾಯಿಯ ಒಪ್ಪಿಗೆಯಿಲ್ಲದೆ ಮಠದವರೂ ಸೇರಿಸಿಕೊಳ್ಳಲಿಲ್ಲ. ಜನಸೇವೆಯೇ ಮುಖ್ಯವಾದರೆ ವೈದ್ಯನಾಗಿಯೂ ಅದನ್ನು ಮಾಡಬಹುದೆಂಬ ಸಲಹೆಯನ್ನು ಒಪ್ಪಿಕೊಂಡು ಮದ್ರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. ಗೆಳೆಯರು ಹಣ ಕೂಡಿಸಿ ಕೊಟ್ಟರು. ಕಸ್ತೂರಿ ಸೂರ್ಯನಾರಾಯಣಮೂರ್ತಿಯವರು ನೆರವಾದರು. ಅವರ ಮಗಳು ಶೇಷಗಿರಿಯವರನ್ನು 1919ರಲ್ಲಿ ಸುಬ್ಬರಾಯರು ವಿವಾಹವಾದರು.

ಅದು ಗಾಂಧೀಜಿಯವರ ಕರೆ ದೇಶದ ತುಂಬ ಮೊಳಗುತ್ತಿದ್ದ ಕಾಲ. ಸುಬ್ಬರಾಯರು ಶಸ್ತ್ರಚಿಕಿತ್ಸೆಯ ಕೊಠಡಿಗೂ ಖಾದಿಯ ನಿಲುವಂಗಿಯನ್ನೇ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದ ಬ್ರಾಡ್‌ಫೀಲ್ಡ್ ಎಂಬ ಆಂಗ್ಲರಿಗೆ ಇದು ಹಿಡಿಸಲಿಲ್ಲ. ಪರೀಕ್ಷೆಯನ್ನು ಚೆನ್ನಾಗಿ ಬರೆದಿದ್ದರೂ ಸುಬ್ಬರಾಯರಿಗೆ ಎಂ.ಬಿ.ಬಿ.ಎಸ್. ಪದವಿಯ ಬದಲು ಕೆಳದರ್ಜೆಯ ಎಲ್.ಎಂ.ಎಸ್. ದೊರೆಯಿತು. ಒಂದು ಖಾದಿ ಅಂಗಿಗೆ ಅವರು ತೆತ್ತ ಬೆಲೆಯಿದು. ಮುಂದೆ ಹಲವು ವರ್ಷ ಈ ಕೊರತೆ ಅವರನ್ನು ಬೆನ್ನಟ್ಟಿತು.

ಸರ್ಕಾರಿ ವೈದ್ಯಕೀಯ ನೌಕರಿ ಕೈಗೆ ಸಿಕ್ಕದೆ, ಅವರು ಮದ್ರಾಸಿನಲ್ಲಿ ಡಾ. ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಶರೀರರಚನಾ ಶಾಸ್ತ್ರವನ್ನು ಬೋಧಿಸತೊಡಗಿದರು. ಈ ನಡುವೆ ಮನೆಗೆ ಸಿಡಿಲು ಬಡಿದಂತಾಯಿತು. ಸ್ಪ್ರೂ ಎಂಬ ರೋಗ, ನಮ್ಮ ಕಡೆಯ ವೈದ್ಯರು ಸಂಗ್ರಹಣಿ ಎನ್ನುವ ಜಾತಿಯದು, ಅವರ ಇಬ್ಬರು ಸಹೋದರರನ್ನು ಕೆಲವೇ ದಿನಗಳ ಅಂತರದಲ್ಲಿ ಬಲಿ ತೆಗೆದುಕೊಂಡಿತು. ತಿಂದ ಅನ್ನ ಮೈಗೆ ಹತ್ತದೆ, ರಕ್ತ ಬತ್ತಿ, ಮನುಷ್ಯ ಸೊರಗಿ ಸಾಯುವ ರೋಗವದು. ಆಗ ಅದಕ್ಕೆ ಮದ್ದೇ ಇರಲಿಲ್ಲ. ಮದ್ದನ್ನು ಹುಡುಕಬೇಕೆಂಬ ಸಂಕಲ್ಪ ಅಂದೇ ಅವರಲ್ಲಿ ಮೊಳೆಯಿತೆನ್ನಬೇಕು.

ಮಾವನವರ ಹಣವನ್ನೂ ಧರ್ಮಸಂಸ್ಥೆಯೊಂದರ ನೆರವನ್ನೂ ನಂಬಿ, 1920ರ ದಶಕದ ಆರಂಭದಲ್ಲಿ ಅವರು ಅಮೆರಿಕದ ಬಾಸ್ಟನ್ ನಗರಕ್ಕೆ ಹಡಗು ಹತ್ತಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಉಷ್ಣವಲಯದ ರೋಗಗಳ ವಿಚಾರವಾಗಿ ಡಿಪ್ಲೊಮಾ ಪಡೆದರು. ಆದರೆ ಅವರ ಎಲ್.ಎಂ.ಎಸ್. ಅಲ್ಲಿಯ ಆಸ್ಪತ್ರೆಗಳಲ್ಲಿ ವೈದ್ಯರಾಗಿ ದುಡಿಯಲು ಸಾಲದಾಯಿತು. ಹೊಟ್ಟೆಪಾಡಿಗಾಗಿ ಅವರು ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಜವಾನರಾಗಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದರು. ಊರಿನಲ್ಲಿ ಹುಟ್ಟಿದ ಮಗ ಶಿಶುವಾಗಿದ್ದಾಗಲೇ ತೀರಿಕೊಂಡನು. ಮಗುವಿನ ಮುಖವನ್ನು ತಂದೆ ಕಾಣಲಿಲ್ಲ. ಪತ್ನಿಯನ್ನೂ ಅವರು ಮತ್ತೆ ನೋಡಲಿಲ್ಲ. ಬೇಗನೆ ಹಿಂತಿರುಗುವ ಆಸೆಯಿಂದ ಹೊರಟವರು ಕೊನೆಗೂ ತಾಯ್ನಾಡಿಗೆ ಬರಲೇ ಇಲ್ಲ. ಅವರ ಕೀರ್ತಿಯನ್ನು ಹೊಗಳುವಾಗ ಶೇಷಗಿರಿಯಮ್ಮನವರ ಇಪ್ಪತ್ತೈದು ವರ್ಷಗಳ ಕಾಯುವಿಕೆಯನ್ನು ಮರೆಯುವುದು ನ್ಯಾಯವಲ್ಲ.

ಹಾರ್ವರ್ಡಿನ ಜೀವರಸಾಯನ ಶಾಸ್ತ್ರ ವಿಭಾಗದಲ್ಲಿ ಸೈರಸ್ ಫಿಸ್ಕೆ ಎಂಬವರ ಕೈಕೆಳಗೆ ಸುಬ್ಬರಾಯರಿಗೆ ಕೆಲಸ ಸಿಕ್ಕಿತು. ಅಲ್ಲಿ ಅವರ ಗಮನವನ್ನು ಸೆಳೆದುದು ರಂಜಕ. ಡಿ.ಎ.ಪಿ. ಗೊಬ್ಬರದ ಮೂಲಕ ನಮ್ಮ ರೈತರು ಗದ್ದೆಗೆ ಹಾಕುವ ರಂಜಕವೇ ನಮ್ಮ ಮೂಳೆ, ರಕ್ತ, ಸ್ನಾಯುಗಳಲ್ಲಿಯೂ ಇದೆ. ಅದು ರಕ್ತದಲ್ಲಿ ಎಷ್ಟಿದೆಯೆಂದು ಸುಲಭವಾಗಿ ಅಳೆಯುವ ದಾರಿಯೊಂದನ್ನು ಇವರಿಬ್ಬರೂ ಸೇರಿ 1925ರಲ್ಲಿ ಪ್ರಕಟಿಸಿದರು. ಪರೀಕ್ಷಿಸಬೇಕಾದ ದ್ರವಕ್ಕೆ ಕೆಲವು ರಾಸಾಯನಿಕಗಳನ್ನು ಬೆರೆಸಿದರೆ ನೀಲಿ ಬಣ್ಣ ಬರುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ಫಿಸ್ಕೆ ಮತ್ತು ಸುಬ್ಬರಾಯರ ವಿಧಾನವೆಂದೇ ಹೆಸರಾದ ಇದನ್ನು ತಲೆಮಾರುಗಳ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕಲಿತಿದ್ದಾರೆ. ಅವರ ಹೆಸರು ಅಂಟಿಕೊಂಡು ಉಳಿದ ಕೆಲಸಗಳಲ್ಲಿ ಇದೇ ಮುಖ್ಯವಾದುದು.

ಅಳೆಯುವ ಕೋಲು ಕೈಗೆ ಬಂದ ಮೇಲೆ ಅವರು ಸ್ನಾಯುವನ್ನು ಪರೀಕ್ಷಿಸತೊಡಗಿದರು. 1927ರಲ್ಲಿ ಫಾಸ್ಫೊಕ್ರಿಯಾಟಿನ್ ಎಂಬ ವಸ್ತುವನ್ನು ಕಂಡುಹಿಡಿದರು. ದುಡಿಯುವ ಸ್ನಾಯುವಿಗೆ ಶಕ್ತಿ ಎಲ್ಲಿಂದ ಬರುತ್ತದೆಂಬ ವಿಷಯದಲ್ಲಿ 1922ರ ನೊಬೆಲ್ ಪಾರಿತೋಷಕ ಪಡೆದಿದ್ದ ಹಿರಿಯರ ವಿವರಣೆಯನ್ನೇ ತಿದ್ದಬೇಕಾಗಿ ಬಂದಿತು. 1929ರಲ್ಲಿ ಅಡಿನೊಸಿನ್ ಟ್ರೈಫಾಸ್ಫೇಟ್, ಚಿಕ್ಕದಾಗಿ ಎ.ಟಿ.ಪಿ. ಎಂಬ ವಸ್ತುವನ್ನು ಬೇರ್ಪಡಿಸಿ ತೋರಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಎಂಬವರೂ ಸ್ವತಂತ್ರವಾಗಿ ಇದನ್ನು ಕಂಡಿದ್ದರು.

ಈ ಎ.ಟಿ.ಪಿ. ಎಂದರೇನು? ನಾವು ತಿಂದ ರಾಗಿಮುದ್ದೆಯಾಗಲಿ ಆಲೆಮನೆಯ ಬೆಲ್ಲವಾಗಲಿ ನೇರವಾಗಿ ಕೈಕಾಲನ್ನು ಆಡಿಸಲಾರದು. ದೊಡ್ಡ ನೋಟನ್ನು ಸಂತೆಯಲ್ಲಿ ಚಿಲ್ಲರೆ ಮಾಡಿಸಿಕೊಳ್ಳುವಂತೆ, ದೇಹವು ಆಹಾರದ ಶಕ್ತಿಯನ್ನು ಎ.ಟಿ.ಪಿ. ಎಂಬ ಚಿಲ್ಲರೆಯಾಗಿ ಮಾಡಿಕೊಂಡು ಆಮೇಲೆ ಖರ್ಚು ಮಾಡುತ್ತದೆ. ಅದರ ತುದಿಯಲ್ಲಿ ಸಾಲಾಗಿ ಮೂರು ಫಾಸ್ಫೇಟುಗಳಿವೆ. ಕೊನೆಯದು ಕಳಚಿದಾಗ ಶಕ್ತಿ ಹೊರಬರುತ್ತದೆ. ಇರುವೆಯಲ್ಲಿ, ಆನೆಯಲ್ಲಿ, ಕಬ್ಬಿನ ಗಿಡದಲ್ಲಿ, ಎಲ್ಲ ಜೀವಿಗಳಲ್ಲಿಯೂ ಚಲಾವಣೆಯಲ್ಲಿರುವ ನಾಣ್ಯ ಇದೊಂದೇ.

1930ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು. ಆದರೆ ಹಾರ್ವರ್ಡಿನಲ್ಲಿ ಖಾಯಂ ಹುದ್ದೆ ಸಿಕ್ಕಲಿಲ್ಲ. ಸುಬ್ಬರಾಯರು ತಮ್ಮ ಹೆಸರನ್ನು ಮುಂದೆ ತಳ್ಳುವ ಸ್ವಭಾವದವರಾಗಿರಲಿಲ್ಲ, ಫಿಸ್ಕೆಯವರ ಹೆಸರೇ ಮುಂದಾಯಿತು. 1940ರಲ್ಲಿ ಅವರು ವಿಶ್ವವಿದ್ಯಾನಿಲಯವನ್ನು ಬಿಟ್ಟು ನ್ಯೂಯಾರ್ಕ್ ಸಂಸ್ಥಾನದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿ, ಅಲ್ಲಿ ಸಂಶೋಧನೆಯ ನಿರ್ದೇಶಕರಾದರು. ಮುಂದಿನ ಎಂಟು ವರ್ಷಗಳಲ್ಲಿ ಅವರೂ ಅವರ ತಂಡವೂ ಮಾಡಿದ ಕೆಲಸ ಒಬ್ಬ ಮನುಷ್ಯನ ಆಯುಷ್ಯಕ್ಕೆ ಮಿಗಿಲಾದುದು.

ಮೊದಲನೆಯದು ಫೋಲಿಕ್ ಆಮ್ಲ. ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಯ ಗಿರಣಿ ಕಾರ್ಮಿಕರಲ್ಲಿ ಬಸುರಿಯರ ರಕ್ತಹೀನತೆಯನ್ನು ಕಂಡು, ಈಸ್ಟಿನ ಸಾರದಿಂದ ಅದು ಗುಣವಾಗುವುದನ್ನು 1931ರ ಹೊತ್ತಿಗೆ ತೋರಿಸಿದ್ದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತುವೇ ಫೋಲಿಕ್ ಆಮ್ಲ. ಅದನ್ನು ಲೆಡರ್ಲೆಯ ತಂಡ 1945ರಲ್ಲಿ ಪ್ರಯೋಗಶಾಲೆಯಲ್ಲಿಯೇ ತಯಾರಿಸಿತು. ಸ್ಪ್ರೂ ರೋಗಕ್ಕೂ ಅದು ಮದ್ದಾಯಿತು. ಸಹೋದರರನ್ನು ಕೊಂದ ರೋಗಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಅಣ್ಣತಮ್ಮಂದಿರಲ್ಲಿ ಉಳಿದವರೊಬ್ಬರು ಉತ್ತರ ಕೊಟ್ಟಂತಾಯಿತು.

ಎರಡನೆಯದು ಕ್ಯಾನ್ಸರಿನ ಔಷಧ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರಿನಿಂದ ನರಳುವ ಮಕ್ಕಳಿಗೆ ಫೋಲಿಕ್ ಆಮ್ಲದ ಜಾತಿಯ ವಸ್ತುಗಳನ್ನು ಕೊಟ್ಟು ನೋಡಿದರು. ರೋಗ ಇಳಿಯುವ ಬದಲು ಏರಿತು. ಹಾಗಾದರೆ ಫೋಲಿಕ್ ಆಮ್ಲವನ್ನು ತಡೆಯುವ ವಸ್ತು ರೋಗವನ್ನೂ ತಡೆದೀತೆಂದು ಫಾರ್ಬರರು ಯೋಚಿಸಿದರು. ಅದಕ್ಕೆ ಬೇಕಾದ ಅಮೈನಾಪ್ಟರಿನ್ ಎಂಬ ಔಷಧವನ್ನು ಸುಬ್ಬರಾಯರ ತಂಡ ಒದಗಿಸಿತು. ನೋಡುವುದಕ್ಕೆ ಫೋಲಿಕ್ ಆಮ್ಲದಂತೆಯೇ ಇರುವ ಈ ವಸ್ತು ಜೀವಕೋಶವನ್ನು ಮೋಸಗೊಳಿಸಿ ಅದರ ಬೆಳವಣಿಗೆಯನ್ನು ನಿಲ್ಲಿಸುತ್ತದೆ. 1948ರಲ್ಲಿ ಪ್ರಕಟವಾದ ವರದಿಯಂತೆ 16 ಮಕ್ಕಳಲ್ಲಿ 10 ಮಂದಿ ಕೆಲಕಾಲ ಚೇತರಿಸಿಕೊಂಡರು. ರೋಗ ಮರಳಿ ಬಂದಿತೆಂಬುದು ನಿಜ. ಆದರೂ ಮಾತ್ರೆ, ಚುಚ್ಚುಮದ್ದುಗಳಿಂದ ಕ್ಯಾನ್ಸರನ್ನು ಹಿಮ್ಮೆಟ್ಟಿಸಬಹುದೆಂಬ ಭರವಸೆ ಅಲ್ಲಿಂದ ಬಲವಾಯಿತು. ಅದರ ಸೋದರ ಔಷಧವಾದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಇವಲ್ಲದೆ ಆನೆಕಾಲು ರೋಗದ ಹೆಟ್ರಾಜಾನ್ 1947ರಲ್ಲಿ ಹೊರಬಂದಿತು. ಎಪ್ಪತ್ತು ದಾಟಿದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಡಗ್ಗರ್ ಅವರು ಅದೇ ಪ್ರಯೋಗಶಾಲೆಯಲ್ಲಿ ಮಣ್ಣಿನ ಜೀವಿಯೊಂದರಿಂದ ಆರಿಯೊಮೈಸಿನ್ ಔಷಧವನ್ನು ಕಂಡುಹಿಡಿದರು. ಟೆಟ್ರಾಸೈಕ್ಲಿನ್ ಕುಟುಂಬಕ್ಕೆ ಅದೇ ಹಿರಿಯಣ್ಣ. ಅದರ ಯಶಸ್ಸು ಪ್ರಕಟವಾದ 1948ನೆಯ ಇಸವಿಯಲ್ಲಿಯೇ, ಆಗಸ್ಟ್ ತಿಂಗಳಲ್ಲಿ, ಸುಬ್ಬರಾಯರು ನಿದ್ರೆಯಲ್ಲಿದ್ದಾಗ ಹೃದಯಾಘಾತದಿಂದ ನಿಧನರಾದರು. ವಯಸ್ಸು ಐವತ್ತಮೂರು. ಭಾರತ ಸ್ವತಂತ್ರವಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅಮೆರಿಕದ ಪೌರತ್ವ ಪಡೆಯಲು ಕಾನೂನು ಅವಕಾಶ ಕೊಟ್ಟ ಮೇಲೂ ಅವರು ಅದನ್ನು ಪಡೆಯದೆ ಭಾರತೀಯರಾಗಿಯೇ ಕಣ್ಣು ಮುಚ್ಚಿದರು.

ಮನುಷ್ಯನ ಕಥೆ ಅಲ್ಲಿಗೆ ಮುಗಿಯಿತು, ಅವರು ಹಿಡಿದು ತೋರಿಸಿದ ಫಾಸ್ಫೇಟಿನ ಕಥೆ ಮುಂದುವರಿಯಿತು. 1950ರ ದಶಕದ ಮಧ್ಯದಲ್ಲಿ ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಷರ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿಚಿತ್ರವನ್ನು ಕಂಡರು. ಎ.ಟಿ.ಪಿ.ಯಿಂದ ಕಳಚಿದ ಫಾಸ್ಫೇಟು ಸ್ನಾಯುವಿನ ಒಂದು ಪ್ರೋಟೀನಿಗೆ ಅಂಟಿದರೆ ಆ ಪ್ರೋಟೀನು ಎಚ್ಚರಗೊಳ್ಳುತ್ತದೆ, ಬಿಟ್ಟರೆ ಮಲಗುತ್ತದೆ. ಅಂದರೆ ಎ.ಟಿ.ಪಿ. ಬರಿಯ ನಾಣ್ಯವಲ್ಲ, ದೀಪದ ಗುಂಡಿಯನ್ನು ಒತ್ತುವ ಬೆರಳೂ ಹೌದು. ಫಾಸ್ಫೇಟನ್ನು ಹೀಗೆ ತೆಗೆದು ಅಂಟಿಸುವ ಪ್ರೋಟೀನುಗಳಿಗೆ ಕೈನೇಸ್ ಎಂದು ಹೆಸರು. ಮನುಷ್ಯನ ದೇಹದಲ್ಲಿ ಅವು 500ಕ್ಕೂ ಹೆಚ್ಚಿವೆ. ಈ ಸಂಶೋಧನೆಗೆ 1992ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಈ ಪ್ರೋಟೀನುಗಳ ಕೆಲಸವನ್ನು ನಮ್ಮ ನಾಲೆಯ ನಿದರ್ಶನದಿಂದ ತಿಳಿಯಬಹುದು. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಕವಲುನಾಲೆಗೆ, ಅಲ್ಲಿಂದ ತೂಬಿಗೆ, ತೂಬಿನಿಂದ ಗದ್ದೆಗೆ ಹೋಗುತ್ತದೆ. ಒಂದೊಂದು ಹಂತದಲ್ಲಿಯೂ ಅಪ್ಪಣೆ ಬೇಕು. ನೀರುಗಂಟಿ ತೂಬನ್ನು ಎತ್ತಿದರೆ ನೀರು, ಇಳಿಸಿದರೆ ಇಲ್ಲ. ಜೀವಕೋಶದ ಹೊರಪೊರೆಯಲ್ಲಿ ಇ.ಜಿ.ಎಫ್.ಆರ್. ಎಂಬ ಪ್ರೋಟೀನೊಂದು ಇಂಥ ತೂಬಿನಂತೆ ನಿಂತಿದೆ. ಗಾಯ ಮಾಯುವಾಗಲೋ ಹಳೆಯ ಕೋಶ ಸತ್ತಾಗಲೋ ಬೆಳೆಯಬೇಕೆಂಬ ಸಂದೇಶ ಹೊರಗಿನಿಂದ ಬರುತ್ತದೆ. ಕೂಡಲೆ ಈ ಪ್ರೋಟೀನಿನ ಒಳತುದಿ ಎ.ಟಿ.ಪಿ.ಯಿಂದ ಫಾಸ್ಫೇಟನ್ನು ತೆಗೆದು ಅಂಟಿಸುತ್ತದೆ. ಅದರಿಂದ ರಾಸ್ ಎಂಬ ಪ್ರೋಟೀನು ಎಚ್ಚರಗೊಂಡು, ಒಂದರ ಕೈಯಿಂದ ಇನ್ನೊಂದಕ್ಕೆ ಸುದ್ದಿ ದಾಟಿ ಕೋಶದ ನಡುವಣ ಕೇಂದ್ರವನ್ನು ಮುಟ್ಟುತ್ತದೆ. ಕೋಶ ಎರಡಾಗುತ್ತದೆ. ಕೆಲಸವಾದ ಮೇಲೆ ತೂಬು ಮುಚ್ಚುತ್ತದೆ. ಆರೋಗ್ಯವೆಂದರೆ ಇದೇ.

ಬೀಡಿ, ಸಿಗರೇಟುಗಳ ಹೊಗೆಯಿಂದಲೋ ಬೇರೆ ಕಾರಣದಿಂದಲೋ ಈ ಪ್ರೋಟೀನಿನ ರಚನೆಯನ್ನು ನಿರ್ಧರಿಸುವ ವಂಶವಾಹಿ ಕೆಟ್ಟರೆ, ತೂಬು ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಳ್ಳುತ್ತದೆ. ನೀರುಗಂಟಿಯ ಮಾತು ನಡೆಯುವುದಿಲ್ಲ. ಬೆಳೆಯಬೇಕೆಂಬ ಸಂದೇಶ ಹೊರಗಿನಿಂದ ಬಾರದಿದ್ದರೂ ಕೋಶ ಬೆಳೆಯುತ್ತಲೇ ಹೋಗಿ ಗೆಡ್ಡೆಯಾಗುತ್ತದೆ. 2004ರಲ್ಲಿ ಬಾಸ್ಟನ್ನಿನ ವೈದ್ಯ ವಿಜ್ಞಾನಿಗಳು, ಅವರಲ್ಲಿ ಕೆಲವರು ಫಾರ್ಬರರ ಹೆಸರನ್ನೇ ಹೊತ್ತ ಸಂಸ್ಥೆಯವರು, ಕೆಲವರ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇ.ಜಿ.ಎಫ್.ಆರ್. ಹೀಗೆ ಕೆಟ್ಟಿರುವುದನ್ನು ಕಂಡುಹಿಡಿದರು. ಇದು ಏಷ್ಯಾದವರಲ್ಲಿ, ಹೆಂಗಸರಲ್ಲಿ, ಎಂದೂ ಧೂಮಪಾನ ಮಾಡದವರಲ್ಲಿ ಹೆಚ್ಚಾಗಿ ಕಾಣುತ್ತದೆ. ಬೀಡಿ ಮುಟ್ಟದ ತಾಯಿಗೆ ಈ ರೋಗ ಬಂದರೆ ಅದು ಯಾರ ಪಾಪದ ಫಲವೂ ಅಲ್ಲ. ಒಂದು ಪ್ರೋಟೀನಿನ ಗುಂಡಿ ಸಿಕ್ಕಿಕೊಂಡಿದೆ, ಅಷ್ಟೆ.

ಜೆಫಿಟಿನಿಬ್, ಎರ್ಲೊಟಿನಿಬ್ ಎಂಬ ಮಾತ್ರೆಗಳು ಕೆಲಸ ಮಾಡುವ ರೀತಿ ಈಗ ಸುಲಭವಾಗಿ ತಿಳಿಯುತ್ತದೆ. ಆ ಪ್ರೋಟೀನಿನಲ್ಲಿ ಎ.ಟಿ.ಪಿ. ಬಂದು ಕೂರುವ ಪೀಠವೊಂದಿದೆ. ಮಾತ್ರೆ ಮೊದಲೇ ಹೋಗಿ ಅಲ್ಲಿ ಕುಳಿತುಬಿಡುತ್ತದೆ. ಎ.ಟಿ.ಪಿ.ಗೆ ಜಾಗವಿಲ್ಲದೆ ಫಾಸ್ಫೇಟು ಅಂಟುವುದಿಲ್ಲ, ಸಂದೇಶ ನಿಲ್ಲುತ್ತದೆ. ಕೆಲವು ಕಾಲದ ಮೇಲೆ ಕ್ಯಾನ್ಸರು ಆ ಪೀಠವನ್ನು ತುಸು ಬದಲಿಸಿ, ಮತ್ತೆ ಎ.ಟಿ.ಪಿ.ಯೇ ಗೆಲ್ಲುವಂತೆ ಮಾಡಿಕೊಳ್ಳುವುದುಂಟು. ಅದಕ್ಕೂ ಎದುರಾಗಿ, ಬದಲಾದ ಪೀಠವನ್ನೇ ಬಿಗಿಯಾಗಿ ಹಿಡಿಯುವ ಒಸಿಮರ್ಟಿನಿಬ್ 2015ರಲ್ಲಿ ಬಂದಿತು. ಕೆಟ್ಟ ರಾಸ್ ಪ್ರೋಟೀನಿನ ಒಂದು ಬಗೆಗೆ, ಹೆಚ್ಚಾಗಿ ಧೂಮಪಾನಿಗಳಲ್ಲಿ ಕಾಣುವ ಬಗೆಗೆ, ದಶಕಗಳ ಹುಡುಕಾಟದ ನಂತರ 2021ರಲ್ಲಿ ಔಷಧ ಹೊರಬಂದಿತು. ಯಾವ ಪ್ರೋಟೀನು ಕೆಟ್ಟಿದೆಯೆಂದು ತಿಳಿಯದೆ ಈ ಮಾತ್ರೆಗಳನ್ನು ಕೊಟ್ಟು ಫಲವಿಲ್ಲ. ಗೆಡ್ಡೆಯ ಚೂರನ್ನು ಪರೀಕ್ಷೆಗೆ ಕಳಿಸುವುದು ಇದಕ್ಕಾಗಿಯೇ.

ಸುಬ್ಬರಾಯರ ಇನ್ನೊಂದು ದಾರಿಯೂ ಇಲ್ಲಿಗೇ ಬಂದು ಕೂಡುತ್ತದೆ. ಇಂಥ ಮಾತ್ರೆಗಳು ಹೊಂದದ ಅನೇಕ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಿಗೆ ಪೆಮೆಟ್ರೆಕ್ಸೆಡ್ ಎಂಬ ಚುಚ್ಚುಮದ್ದನ್ನು ಕೊಡುತ್ತಾರೆ. ಅದು ಅಮೈನಾಪ್ಟರಿನ್ ವಂಶದ್ದೇ, ಫೋಲಿಕ್ ಆಮ್ಲವನ್ನು ತಡೆಯುವಂಥದು. ಅದರ ತೀಕ್ಷ್ಣತೆಯಿಂದ ಒಳ್ಳೆಯ ಕೋಶಗಳನ್ನು ಕಾಪಾಡಲು ಜೊತೆಯಲ್ಲಿ ಫೋಲಿಕ್ ಆಮ್ಲದ ಮಾತ್ರೆಯನ್ನೂ ಕೊಡುತ್ತಾರೆ. ಕೊಲ್ಲುವ ಔಷಧದ ಬೇರು, ಕಾಯುವ ಔಷಧದ ಬೇರು, ಎರಡೂ ಪರ್ಲ್ ರಿವರಿನ ಒಂದೇ ಪ್ರಯೋಗಶಾಲೆಯಲ್ಲಿವೆ.

ಇಷ್ಟು ಹೇಳಿದೆನೆಂದು ಸುಬ್ಬರಾಯರೇ ಎಲ್ಲವನ್ನೂ ಕಂಡರೆಂದು ಭಾವಿಸಬಾರದು. ಕೈನೇಸ್ ಎಂಬುದು ಕ್ಯಾನ್ಸರನ್ನು ಹುಟ್ಟಿಸಬಲ್ಲುದೆಂದು ಅವರಿಗೆ ತಿಳಿದಿರಲಿಲ್ಲ. ಅವರ ನಂತರ ನೂರಾರು ಮಂದಿ ದುಡಿದಿದ್ದಾರೆ. ಅವರು ಮಾಡಿದ್ದು ಸಣ್ಣ ವಸ್ತುವೊಂದನ್ನು ಪ್ರಾಮಾಣಿಕವಾಗಿ ಅಳೆದದ್ದು. ಆ ಅಳತೆ ಸರಿಯಾಗಿದ್ದುದರಿಂದ ಉಳಿದವರು ಅದರ ಮೇಲೆ ಕಟ್ಟಡ ಕಟ್ಟಲು ಸಾಧ್ಯವಾಯಿತು. ಅವರಿಗೆ ನೊಬೆಲ್ ಪಾರಿತೋಷಕ ಬರಲಿಲ್ಲ. ಒಂದು ಜಾತಿಯ ಶಿಲೀಂಧ್ರಕ್ಕೆ ಅವರ ಹೆಸರಿಟ್ಟರು. ಜನ್ಮ ಶತಾಬ್ದಿಯ 1995ರಲ್ಲಿ ಭಾರತ ಸರ್ಕಾರ ಒಂದು ಅಂಚೆಚೀಟಿಯನ್ನು ಹೊರಡಿಸಿತು.

ಅವರ ಋಣವನ್ನು ನಾವು ತೀರಿಸುವ ಬಗೆ ಯಾವುದು? ಪ್ರತಿಮೆ ನಿಲ್ಲಿಸುವುದಕ್ಕಿಂತ ಸುಲಭವಾದ ದಾರಿಗಳಿವೆ. ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಲ್ಲವರು ನಾವು. ಮೂರು ವಾರ ಕಳೆದರೂ ನಿಲ್ಲದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಇವು ಕಂಡರೆ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಕ್ಷಯದ ಮಾತ್ರೆಗೆ ಬಗ್ಗದಿದ್ದರೆ ಮತ್ತೆ ವೈದ್ಯರನ್ನು ಕಾಣುವುದು, ಪರೀಕ್ಷೆಯ ಚೀಟಿಯಲ್ಲಿ ಏನಿದೆಯೆಂದು ಮನೆಯವರಿಗೆ ಬಿಡಿಸಿ ಹೇಳುವುದು, ಬೀಡಿಯ ಕಟ್ಟನ್ನು ಕೈಬಿಡಿಸುವುದು, ಇವು ನಮ್ಮಿಂದಾಗುವ ಕೆಲಸಗಳು. ಹೊಸ ಮಾತ್ರೆಗಳ ಬೆಲೆ ಬಡವರಿಗೆ ಭಾರವೆಂಬುದು ಸತ್ಯ. ಆದರೆ ಬೇಗ ಬಂದವರಿಗೆ ದಾರಿಗಳು ಹೆಚ್ಚು, ತಡವಾಗಿ ಬಂದವರಿಗೆ ಕಡಿಮೆ ಎಂಬುದೂ ಅಷ್ಟೇ ಸತ್ಯ.

ಎರಡು ಸಲ ಪರೀಕ್ಷೆಯಲ್ಲಿ ಸೋತು, ಖಾದಿ ತೊಟ್ಟು ಪದವಿಯನ್ನು ಕಳೆದುಕೊಂಡು, ಪರದೇಶದಲ್ಲಿ ಮಲದ ಪಾತ್ರೆಗಳನ್ನು ತೊಳೆದ ಒಬ್ಬ ಬಡ ಮನೆತನದ ಯುವಕ ಮಾಡಿದ ಕೆಲಸ ಇಂದು ಸಾವಿರಾರು ಮೈಲಿ ದೂರದ ನಾಗಮಂಗಲದ ರೋಗಿಯ ಔಷಧ ಚೀಟಿಯಲ್ಲಿ ಹೆಸರಿಲ್ಲದೆ ನಿಂತಿದೆ. ಹೆಸರು ಬರಲೆಂದು ಅವರು ದುಡಿಯಲಿಲ್ಲ. ನಾವಾದರೂ ಆ ಹೆಸರನ್ನು ತಿಳಿದಿರುವುದು ಧರ್ಮ.